ಕೈ ಕೊಟ್ಟರೆ ಸಹಾಯವೋ, ಮೋಸವೋ?

"ಈ ಸಲವೂ ಕೈಕೊಟ್ಟ ಮುಂಗಾರು." ಪತ್ರಿಕೆಯಲ್ಲಿ ಇಂಥ ತಲೆಬರಹ ಕಂಡರೆ ರೈತನ ಎದೆ ಧಸಕ್ಕೆನ್ನುತ್ತದೆ. ಮಳೆ ಬರಲಿಲ್ಲ, ಬಿತ್ತಿದ ಬೀಜ ಮಣ್ಣುಪಾಲಾಯಿತು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡದಲ್ಲಿ ಕೈಕೊಡುವುದೆಂದರೆ ನಂಬಿಸಿ ನಡುನೀರಿನಲ್ಲಿ ಬಿಡುವುದು. ಪಂಪ್‌ಸೆಟ್ ಕೈಕೊಡುತ್ತದೆ, ಸಾಲ ಕೊಡುತ್ತೇನೆಂದವನು ಕೈಕೊಡುತ್ತಾನೆ, ಪರೀಕ್ಷೆಯ ದಿನ ಪೆನ್ನು ಕೈಕೊಡುತ್ತದೆ.

ಅದೇ ರೈತನ ಮಗ ಹತ್ತನೆಯ ತರಗತಿಯ ಇಂಗ್ಲಿಷ್ ಪಾಠದಲ್ಲಿ "ಮೈ ಫ್ರೆಂಡ್ ಗೇವ್ ಮಿ ಎ ಹ್ಯಾಂಡ್" ಎಂಬ ವಾಕ್ಯವನ್ನು ಓದುತ್ತಾನೆ ಎನ್ನೋಣ. ಪದಕ್ಕೆ ಪದ ಇಟ್ಟು ನೋಡಿದರೆ "ನನ್ನ ಗೆಳೆಯ ನನಗೆ ಕೈ ಕೊಟ್ಟ" ಎಂದಾಗುತ್ತದೆ. ಎಂಥ ಗೆಳೆಯನಪ್ಪಾ ಎಂದು ಹುಡುಗ ಮರುಗುತ್ತಾನೆ. ಆದರೆ ಇಂಗ್ಲಿಷ್ ಬಲ್ಲವರ ಪ್ರಕಾರ ಆ ಗೆಳೆಯ ಮೋಸ ಮಾಡಿಲ್ಲ, ಸಹಾಯ ಮಾಡಿದ್ದಾನೆ!

ಸಹಾಯ ಎಂಬುದು ಎಲ್ಲ ನಾಡಿನಲ್ಲೂ ಒಂದೇ. ಅದನ್ನು ಹೇಳುವ ಬಗೆ ಮಾತ್ರ ಭಾಷೆಯಿಂದ ಭಾಷೆಗೆ ಬೇರೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಇಂಗ್ಲಿಷಿನಲ್ಲಿ ಸಹಾಯದ ವಿಷಯ ಬರೆಯುವಾಗ ಮಾಡುವ ತಪ್ಪುಗಳು ನಾಲ್ಕೈದೇ. ವರ್ಷ ವರ್ಷವೂ ಅವೇ ತಪ್ಪುಗಳು, ಅವೇ ಕೆಂಪು ಗೆರೆಗಳು. ಈ ತಪ್ಪುಗಳಿಗೆ ದಡ್ಡತನ ಕಾರಣವಲ್ಲ. ಕನ್ನಡದ ವ್ಯಾಕರಣವನ್ನು ಮಕ್ಕಳು ತುಂಬ ಚೆನ್ನಾಗಿ ಕಲಿತಿರುವುದೇ ಕಾರಣ.

ಒಂದು ಪುಟ್ಟ 'ಎ'

ಮೊದಲು ಈ ಕೈಯ ವಿಚಾರ. "ಗಿವ್ ಎ ಹ್ಯಾಂಡ್" ಮತ್ತು "ಲೆಂಡ್ ಎ ಹ್ಯಾಂಡ್" ಎರಡರ ಅರ್ಥವೂ ಒಂದೇ: ಕೆಲಸದಲ್ಲಿ ಕೈ ಜೋಡಿಸುವುದು. 'ಲೆಂಡ್' ಎಂದರೆ ಕಡ ಕೊಡು. ಕೆಲಸ ಮುಗಿಯುವವರೆಗೆ ನಿನ್ನ ಕೈಯನ್ನು ಕಡ ಕೊಡು ಎಂಬ ಸೊಗಸಾದ ಕಲ್ಪನೆ ಅದರಲ್ಲಿದೆ. ಕನ್ನಡಕ್ಕೂ ಇದು ದೂರದ್ದಲ್ಲ. ಗಾರೆಯವನ ಜೊತೆ ನಿಂತು ಇಟ್ಟಿಗೆ ಎತ್ತಿ ಕೊಡುವವನು 'ಕೈಯಾಳು'. ಇಂಗ್ಲಿಷಿನಲ್ಲಿಯೂ ಹಡಗಿನ ಕೆಲಸಗಾರರಿಗೆ 'ಹ್ಯಾಂಡ್ಸ್' ಎಂದೇ ಹೆಸರು.

ಇಲ್ಲಿ ಗಮನಿಸಬೇಕಾದದ್ದು ಮಧ್ಯದ ಪುಟ್ಟ 'ಎ'. ಬೆಂಚು ಎತ್ತಿಡಲು ಜೊತೆಗಾರ ಬೇಕಾದಾಗ "ಗಿವ್ ಮಿ ಎ ಹ್ಯಾಂಡ್" ಎನ್ನಬೇಕು. ರಸ್ತೆ ದಾಟಿಸುವಾಗ ಮಗುವಿಗೆ "ಕೈ ಕೊಡು, ಹಿಡಿದುಕೊಳ್ಳುತ್ತೇನೆ" ಎನ್ನುವುದಾದರೆ "ಗಿವ್ ಮಿ ಯುವರ್ ಹ್ಯಾಂಡ್" ಎನ್ನಬೇಕು. ಮೊದಲನೆಯದರಲ್ಲಿ ಕೇಳಿದ್ದು ದುಡಿಮೆ, ಎರಡನೆಯದರಲ್ಲಿ ಕೇಳಿದ್ದು ನಿಜವಾದ ಕೈ. "ಗಿವ್ ಮಿ ಹ್ಯಾಂಡ್" ಎಂದು ಬರೆದರೆ ಅದು ಅಲ್ಲಿಗೂ ಸಲ್ಲದು, ಇಲ್ಲಿಗೂ ಸಲ್ಲದು. ಶಾಲಾ ವಾರ್ಷಿಕೋತ್ಸವದಲ್ಲಿ ನಿರೂಪಕರು "ಗಿವ್ ದೆಮ್ ಎ ಬಿಗ್ ಹ್ಯಾಂಡ್" ಎಂದು ಕೂಗಿದರೆ ಯಾರೂ ವೇದಿಕೆ ಹತ್ತಿ ಸಹಾಯ ಮಾಡಬೇಕಾಗಿಲ್ಲ, ಜೋರಾಗಿ ಚಪ್ಪಾಳೆ ತಟ್ಟಿದರೆ ಸಾಕು. 'ಬಿಗ್' ಎಂಬ ಒಂದು ಪದ ಸೇರಿದ್ದಕ್ಕೆ ಅರ್ಥವೇ ಬದಲಾಯಿತು.

ವಿಜ್ಞಾನ ಓದುವ ಮಕ್ಕಳಿಗೆ ಇದು ಹೊಸದಲ್ಲ. ನೀರಿನ ಒಂದು ಅಣುವಿನಲ್ಲಿ ಎರಡು ಜಲಜನಕ ಪರಮಾಣುಗಳೂ ಒಂದು ಆಮ್ಲಜನಕ ಪರಮಾಣುವೂ ಇರುತ್ತವೆ. ಅದರಲ್ಲಿ ಆಮ್ಲಜನಕದ ಇನ್ನೊಂದು ಪರಮಾಣು ಇದ್ದರೆ ಅದು ಕುಡಿಯುವ ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್. ರಾಸಾಯನಿಕ ಸೂತ್ರದಲ್ಲಿ ಒಂದು ಅಂಕಿ ಬಿಡುವಂತಿಲ್ಲ, ಒಂದು ಹೆಚ್ಚಿಸುವಂತಿಲ್ಲ. ಇಂಗ್ಲಿಷಿನ ನುಡಿಗಟ್ಟುಗಳೂ ಹಾಗೆಯೇ. ಅವನ್ನು ಬಿಡಿಬಿಡಿ ಪದಗಳಾಗಿ ಅಲ್ಲ, ಇಡೀ ಸೂತ್ರವಾಗಿ ಕಲಿಯಬೇಕು.

'ಗೆ' ತಂದ ಗೊಂದಲ

ಇನ್ನು ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಪದ 'ಹೆಲ್ಪ್'. "ನಾನು ಅವನಿಗೆ ಸಹಾಯ ಮಾಡಿದೆ" ಎಂಬುದನ್ನು ಇಂಗ್ಲಿಷಿಗೆ ತರಲು ಹೇಳಿದರೆ ತರಗತಿಯ ಅನೇಕರು "ಐ ಹೆಲ್ಪ್ಡ್ ಟು ಹಿಮ್" ಎಂದು ಬರೆಯುತ್ತಾರೆ. ಸರಿಯಾದದ್ದು "ಐ ಹೆಲ್ಪ್ಡ್ ಹಿಮ್". ನಡುವಿನ 'ಟು' ಬೇಡವೇ ಬೇಡ.

ಈ 'ಟು' ಎಲ್ಲಿಂದ ಬಂತು? 'ಅವನಿಗೆ' ಎಂಬಲ್ಲಿನ 'ಗೆ'ಯಿಂದ. ಕನ್ನಡ ವ್ಯಾಕರಣದಲ್ಲಿ ಅದು ಚತುರ್ಥೀ ವಿಭಕ್ತಿ. ಸಹಾಯವನ್ನು ಪಡೆಯುವವನಿಗೆ ಕನ್ನಡದಲ್ಲಿ ಚತುರ್ಥಿಯೇ ಬೇಕು. "ಅವನನ್ನು ಸಹಾಯ ಮಾಡಿದೆ" ಎಂದು ಯಾವ ಕನ್ನಡಿಗನೂ ಹೇಳುವುದಿಲ್ಲ. 'ಗೆ' ಎಂದರೆ 'ಟು' ಎಂದು ಕೆಳಗಿನ ತರಗತಿಯಲ್ಲೇ ಕಲಿತ ಮಗು ಅದನ್ನು ಇಲ್ಲಿಯೂ ನಿಷ್ಠೆಯಿಂದ ಅನ್ವಯಿಸುತ್ತದೆ. ಹುಡುಗನ ತರ್ಕದಲ್ಲಿ ದೋಷವಿಲ್ಲ. ಇಂಗ್ಲಿಷಿನ ದಾರಿಯೇ ಬೇರೆ ಎಂಬುದನ್ನು ಅವನಿಗೆ ಯಾರೂ ಹೇಳಿಲ್ಲ, ಅಷ್ಟೆ.

ಸ್ವಾರಸ್ಯದ ಸಂಗತಿಯೆಂದರೆ ಇಂಗ್ಲಿಷಿನ ದಾರಿಯೂ ಮೊದಲು ಬೇರೆಯಾಗಿರಲಿಲ್ಲ. ಸುಮಾರು ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಕನ್ನಡ, ಸಂಸ್ಕೃತಗಳಲ್ಲಿರುವಂತೆ ವಿಭಕ್ತಿಗಳಿದ್ದವು. 'ಅವನನ್ನು' ಎನ್ನಲು 'ಹಿನೆ', 'ಅವನಿಗೆ' ಎನ್ನಲು 'ಹಿಮ್'. ಅಂದಿನ 'ಹೆಲ್ಪ್' ಧಾತುವಿನ ಜೊತೆ ಬರುತ್ತಿದ್ದ ರೂಪಗಳಲ್ಲಿ ಚತುರ್ಥಿಯೂ ಒಂದು. ಶತಮಾನಗಳು ಉರುಳಿದಂತೆ ಪ್ರತ್ಯಯಗಳು ಸವೆದವು, 'ಹಿನೆ' ಮರೆಯಾಯಿತು, 'ಹಿಮ್' ಒಂದೇ ಉಳಿದು ಎರಡು ಕೆಲಸವನ್ನೂ ವಹಿಸಿಕೊಂಡಿತು. ಅಂದರೆ ಇಂದಿನ 'ಹಿಮ್' ಮೂಲತಃ 'ಅವನಿಗೆ' ಎಂಬುದೇ! 'ಗೆ' ಅದರ ಹೊಟ್ಟೆಯೊಳಗೇ ಇದೆ. ಅದಕ್ಕೆ ಮತ್ತೊಂದು 'ಟು' ಹಚ್ಚಿ "ಹೆಲ್ಪ್ಡ್ ಟು ಹಿಮ್" ಎನ್ನುವುದು "ಅವನಿಗೆಗೆ ಸಹಾಯ ಮಾಡಿದೆ" ಎಂದಂತೆ.

ಇಂಗ್ಲಿಷಿನ ಹತ್ತಿರದ ಬಂಧುವಾದ ಜರ್ಮನ್ ಭಾಷೆಯಲ್ಲಿ ಹಳೆಯ ಪದ್ಧತಿ ಇಂದಿಗೂ ಉಳಿದಿದೆ. ಅಲ್ಲಿ 'ಹೆಲ್ಫೆನ್' ಎಂಬ ಕ್ರಿಯಾಪದಕ್ಕೆ ಚತುರ್ಥಿಯೇ ಬೇಕು. ಜರ್ಮನಿಯಿಂದ ಬಂದು ಕನ್ನಡ ಕಲಿತು, 1894ರಲ್ಲಿ ಮಂಗಳೂರಿನಿಂದ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದ ಫರ್ಡಿನೆಂಡ್ ಕಿಟೆಲ್ ಅವರ ನಾಡಿನ ಭಾಷೆಯೂ ಈ ಒಂದು ವಿಷಯದಲ್ಲಿ ಕನ್ನಡದ ಹಾಗೆಯೇ ಇದೆ. ಹೀಗಾಗಿ 'ಟು' ಸೇರಿಸುವ ಹುಡುಗ ತಲೆ ತಗ್ಗಿಸಬೇಕಾಗಿಲ್ಲ. ತಪ್ಪಿನ ಬೇರು ಎಲ್ಲಿದೆಯೆಂದು ತಿಳಿದುಕೊಂಡು ಅದನ್ನು ಕಿತ್ತರೆ ಸಾಕು.

'ಮಾಡು' ಎಂಬ ಮರುಪ್ರಯಾಣಿಕ

ಎರಡನೆಯ ತಪ್ಪು "ಹಿ ಡಿಡ್ ಎ ಹೆಲ್ಪ್ ಟು ಮಿ" ಎಂಬುದು. ಕನ್ನಡದಲ್ಲಿ 'ಸಹಾಯ' ಎಂಬುದು ನಾಮಪದ. ಅದನ್ನು ಕ್ರಿಯೆಯಾಗಿಸಲು 'ಮಾಡು' ಬೇಕು. ಈಗಂತೂ ಮನೆಮಾತಿನಲ್ಲೇ "ಸ್ವಲ್ಪ ಹೆಲ್ಪ್ ಮಾಡಿ ಸಾರ್" ಎನ್ನುವುದು ರೂಢಿಯಾಗಿದೆ. ಇಂಗ್ಲಿಷಿನಿಂದ ಒಂಟಿಯಾಗಿ ಬಂದ 'ಹೆಲ್ಪ್' ಇಲ್ಲಿ 'ಮಾಡು'ವಿನ ಜೊತೆಗೂಡಿತು. ಅದೇ ಪದ ಮತ್ತೆ ಇಂಗ್ಲಿಷಿಗೆ ಹೊರಟಾಗ 'ಮಾಡು' ಕೂಡ 'ಡು' ಎಂಬ ವೇಷ ತೊಟ್ಟು ಬಸ್ಸು ಹತ್ತುತ್ತದೆ! ಅದನ್ನು ಗಡಿಯಲ್ಲೇ ಇಳಿಸಬೇಕು. ಇಂಗ್ಲಿಷಿನ 'ಹೆಲ್ಪ್' ತಾನೇ ಕ್ರಿಯಾಪದ. "ಹಿ ಹೆಲ್ಪ್ಡ್ ಮಿ" ಎಂದರೆ ಮುಗಿಯಿತು.

'ಡು' ಬೇಕೇ ಬೇಕು ಎನ್ನುವವರಿಗೆ ಇನ್ನೊಂದು ದಾರಿಯುಂಟು. "ಹಿ ಡಿಡ್ ಮಿ ಎ ಫೇವರ್" ಎನ್ನಬಹುದು. ಅದರ ಅರ್ಥ ಉಪಕಾರ ಮಾಡಿದ ಎಂದು. 'ಫೇವರ್' ಜೊತೆ 'ಡು' ಒಗ್ಗುತ್ತದೆ, ನಾಮಪದವಾದ 'ಹೆಲ್ಪ್' ಜೊತೆ ಒಗ್ಗುವುದಿಲ್ಲ. "ಹಿ ಡಿಡ್ ಹೆಲ್ಪ್ ಮಿ" ಎಂಬ ವಾಕ್ಯವನ್ನು ಪುಸ್ತಕಗಳಲ್ಲಿ ಕಾಣಬಹುದಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಅದು ಸರಿಯೇ. ಆದರೆ ಅಲ್ಲಿ 'ಡಿಡ್' ಒತ್ತು ಕೊಡಲು ಬಂದಿದೆ: "ಅವನು ಸಹಾಯ ಮಾಡಿದ್ದಂತೂ ನಿಜ" ಎಂದು ಅದರ ಭಾವ.

ಅಂತೆಯೇ "ಹಿ ಡಿಡ್ ಮೆನಿ ಹೆಲ್ಪ್ಸ್" ಎಂಬುದೂ ಸಲ್ಲದು. ನಾಮಪದವಾಗಿ 'ಹೆಲ್ಪ್' ನೀರಿನ ಹಾಗೆ. ನೀರನ್ನು ಅಳೆಯಬಹುದು, ಒಂದು ಎರಡು ಎಂದು ಎಣಿಸಲಾಗದು. "ಎ ಲಾಟ್ ಆಫ್ ಹೆಲ್ಪ್" ಅಥವಾ "ಮಚ್ ಹೆಲ್ಪ್" ಎನ್ನಬೇಕು. ಮನುಷ್ಯನನ್ನೇ ಹೊಗಳಿ "ಯು ಹ್ಯಾವ್ ಬೀನ್ ಎ ಗ್ರೇಟ್ ಹೆಲ್ಪ್" ಎನ್ನುವಾಗ 'ಎ' ಬರುತ್ತದೆ.

ವ್ಯಕ್ತಿಗೆ ಬೇಡ, ಕೆಲಸಕ್ಕೆ ಇರಲಿ

ಹಾಗಾದರೆ 'ಹೆಲ್ಪ್' ಬಂದ ವಾಕ್ಯದಲ್ಲಿ 'ಟು' ಬರಲೇಬಾರದೇ? ಬರಬಹುದು. ಆದರೆ ಅದರ ಜಾಗ ಬೇರೆ. "ಶಿ ಹೆಲ್ಪ್ಡ್ ಮಿ ಟು ಸಾಲ್ವ್ ದ ಪ್ರಾಬ್ಲಮ್" ಎಂಬ ವಾಕ್ಯವನ್ನು ನೋಡಿ. ಇಲ್ಲಿ 'ಟು' ನಿಂತಿರುವುದು ವ್ಯಕ್ತಿಯ ಮುಂದಲ್ಲ, ಕ್ರಿಯೆಯ ಮುಂದೆ. ಇದನ್ನು "ಶಿ ಹೆಲ್ಪ್ಡ್ ಮಿ ಸಾಲ್ವ್ ದ ಪ್ರಾಬ್ಲಮ್" ಎಂದು 'ಟು' ಇಲ್ಲದೆಯೂ ಬರೆಯಬಹುದು. ಎರಡೂ ಶುದ್ಧ. ಅಮೆರಿಕದವರಿಗೆ 'ಟು' ಬಿಡುವುದು ಹೆಚ್ಚು ರೂಢಿ. ಬ್ರಿಟಿಷರಲ್ಲಿ ಎರಡೂ ಬಳಕೆಯಲ್ಲಿವೆ.

ವಿದ್ಯಾರ್ಥಿಗಳು ಒಂದೇ ಸಾಲಿನಲ್ಲಿ ನೆನಪಿಡಬಹುದಾದ ಸೂತ್ರ ಹೀಗಿದೆ: ವ್ಯಕ್ತಿಗೆ 'ಟು' ಬೇಡ, ಕ್ರಿಯೆಗೆ ಬೇಕಾದರೆ ಇರಲಿ.

ಒಂದು ಕಡೆ ಮಾತ್ರ ಈ ರಿಯಾಯಿತಿ ಇಲ್ಲ. ಸಹಾಯ ಪಡೆದವನೇ ಕರ್ತೃವಿನ ಜಾಗಕ್ಕೆ ಬಂದು ಕರ್ಮಣಿ ಪ್ರಯೋಗವಾದಾಗ 'ಟು' ಬಿಡುವಂತಿಲ್ಲ. "ದ ಓಲ್ಡ್ ಮ್ಯಾನ್ ವಾಸ್ ಹೆಲ್ಪ್ಡ್ ಟು ಕ್ರಾಸ್ ದ ರೋಡ್" ಎಂದೇ ಬರೆಯಬೇಕು.

ಸಹಾಯ ಬೇಕಾದದ್ದು ಕ್ರಿಯೆಯಾಗಿರದೆ ಬರೀ ವಸ್ತು ಅಥವಾ ವಿಷಯವಾಗಿದ್ದರೆ 'ವಿತ್' ಬರುತ್ತದೆ. "ಹೆಲ್ಪ್ ಮಿ ವಿತ್ ಮೈ ಹೋಂವರ್ಕ್" ಸರಿ. "ಹೆಲ್ಪ್ ಮಿ ಮೈ ಹೋಂವರ್ಕ್" ತಪ್ಪು. 'ಗಿವ್ ಎ ಹ್ಯಾಂಡ್' ಎಂಬುದಕ್ಕೂ ಇದೇ ಜೊತೆಗಾರ: "ಗಿವ್ ಮಿ ಎ ಹ್ಯಾಂಡ್ ವಿತ್ ದೀಸ್ ಬುಕ್ಸ್". ಇಲ್ಲಿ ಒಂದು ವಿಶೇಷವಿದೆ. 'ಗಿವ್' ಎಂಬುದು ಕೊಡುವ ಕ್ರಿಯೆಯಾದ್ದರಿಂದ, ಪಡೆಯುವವನು ಕೊನೆಯಲ್ಲಿ ಬಂದರೆ ಅವನ ಮುಂದೆ 'ಟು' ಬೇಕು: "ಹಿ ಗೇವ್ ಎ ಹ್ಯಾಂಡ್ ಟು ದ ಓಲ್ಡ್ ಮ್ಯಾನ್". ಪಡೆಯುವವನು ಮೊದಲೇ ಬಂದರೆ ಬೇಡ: "ಹಿ ಗೇವ್ ದ ಓಲ್ಡ್ ಮ್ಯಾನ್ ಎ ಹ್ಯಾಂಡ್".

'ಹೆಲ್ಪ್ ಔಟ್' ಎಂಬ ಜೋಡಿಯಲ್ಲಿಯೂ ಎಚ್ಚರ ಬೇಕು. "ಹಿ ಹೆಲ್ಪ್ಡ್ ಮಿ ಔಟ್" ಎಂದರೆ ಕಷ್ಟದಲ್ಲಿದ್ದಾಗ ನೆರವಾದ ಎಂದರ್ಥ. ಅದಕ್ಕೆ "ಆಫ್ ದ ವೆಲ್" ಎಂದು ಸೇರಿಸಿದರೆ ನಿಜವಾಗಿಯೂ ಬಾವಿಯಿಂದ ಮೇಲೆತ್ತಿದ ಎಂದಾಗುತ್ತದೆ. ಇನ್ನು "ಐ ಕಾಂಟ್ ಹೆಲ್ಪ್ ಲಾಫಿಂಗ್" ಎಂಬಲ್ಲಿ ಸಹಾಯದ ಮಾತೇ ಇಲ್ಲ. ನಗದೆ ಇರಲಾರೆ ಎಂಬುದು ಅದರ ಅರ್ಥ. ಇಲ್ಲಿ 'ಹೆಲ್ಪ್' ಎಂದರೆ ತಡೆ.

ವಿಜ್ಞಾನದ ಉತ್ತರ ಪತ್ರಿಕೆಯಲ್ಲಿ

ಇದೆಲ್ಲ ಇಂಗ್ಲಿಷ್ ಮೇಷ್ಟ್ರ ತಲೆನೋವು, ವಿಜ್ಞಾನಕ್ಕೇನು ಸಂಬಂಧ ಎನ್ನುವಂತಿಲ್ಲ. ವಿಜ್ಞಾನದ ಉತ್ತರಗಳಲ್ಲಿ 'ಸಹಾಯ ಮಾಡುತ್ತದೆ' ಎಂಬುದು ಹೆಜ್ಜೆಹೆಜ್ಜೆಗೂ ಬರುವ ಮಾತು. ಜೊಲ್ಲುರಸ ಜೀರ್ಣಕ್ರಿಯೆಗೆ ಸಹಾಯ ಮಾಡುತ್ತದೆ, ಘರ್ಷಣೆ ನಡೆಯಲು ಸಹಾಯ ಮಾಡುತ್ತದೆ, ವಿಟಮಿನ್ 'ಡಿ' ಸುಣ್ಣದಂಶವನ್ನು ಹೀರಿಕೊಳ್ಳಲು ದೇಹಕ್ಕೆ ಸಹಾಯ ಮಾಡುತ್ತದೆ. ಇಲ್ಲೆಲ್ಲ ಮತ್ತೆ 'ಗೆ', 'ಕ್ಕೆ', 'ಅಲು'!

ಮೊದಲನೆಯದನ್ನು ಮಕ್ಕಳು "ಸಲೈವಾ ಹೆಲ್ಪ್ಸ್ ಟು ಡೈಜೆಶನ್" ಎಂದೋ "ಹೆಲ್ಪ್ಸ್ ಫಾರ್ ಡೈಜೆಶನ್" ಎಂದೋ ಬರೆಯುತ್ತಾರೆ. ಸರಿಯಾದ ರೂಪಗಳು ಮೂರು: "ಹೆಲ್ಪ್ಸ್ ಡೈಜೆಶನ್", "ಹೆಲ್ಪ್ಸ್ ಇನ್ ಡೈಜೆಶನ್", "ಹೆಲ್ಪ್ಸ್ ಟು ಡೈಜೆಸ್ಟ್ ಫುಡ್". ಎರಡನೆಯದು "ಫ್ರಿಕ್ಷನ್ ಹೆಲ್ಪ್ಸ್ ಅಸ್ ವಾಕ್" ಅಥವಾ "ಹೆಲ್ಪ್ಸ್ ಅಸ್ ಟು ವಾಕ್". "ಹೆಲ್ಪ್ಸ್ ಟು ಅಸ್ ಫಾರ್ ವಾಕಿಂಗ್" ಅಲ್ಲ. ಮೂರನೆಯದು "ವಿಟಮಿನ್ ಡಿ ಹೆಲ್ಪ್ಸ್ ದ ಬಾಡಿ ಅಬ್ಸಾರ್ಬ್ ಕ್ಯಾಲ್ಸಿಯಂ". ಇಲ್ಲಿ 'ಹೆಲ್ಪ್' ಪದಕ್ಕೆ 'ಎಸ್' ಹತ್ತಿದೆ, 'ಅಬ್ಸಾರ್ಬ್' ಪದಕ್ಕೆ ಹತ್ತಿಲ್ಲ ಎಂಬುದನ್ನು ಗಮನಿಸಬೇಕು. ಎರಡನೆಯ ಕ್ರಿಯಾಪದ ಯಾವಾಗಲೂ ಬರಿಮೈಯಲ್ಲೇ ಇರುತ್ತದೆ.

ಇದು ಒಂದೆರಡು ಅಂಕಗಳ ಪ್ರಶ್ನೆ ಮಾತ್ರವಾಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಓದಿ, ಒಳ್ಳೆಯ ಅಂಕ ಪಡೆದು, ಪಿ.ಯು.ಸಿ.ಯಲ್ಲಿ ವಿಜ್ಞಾನ ವಿಭಾಗ ಸೇರಿದ ಮಕ್ಕಳಿಗೆ ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಬ್ರೇಕು ಹಾಕಿದರೆ ಸೈಕಲ್ಲು ಏಕೆ ನಿಲ್ಲುತ್ತದೆ ಎಂಬುದು ಆ ಹುಡುಗಿಗೆ ಚೆನ್ನಾಗಿ ಗೊತ್ತು. ದಿನವೂ ಸೈಕಲ್ಲಿನಲ್ಲೇ ಕಾಲೇಜಿಗೆ ಬರುವವಳು ಅವಳು. ಆದರೆ ಎದ್ದು ನಿಂತು "ಫ್ರಿಕ್ಷನ್ ಹೆಲ್ಪ್ಸ್ ಟು..." ಎಂದು ತಡವರಿಸಿದಾಗ ಹಿಂದಿನ ಬೆಂಚಿನಿಂದ ಒಂದು ನಗೆ ಕೇಳಿಸುತ್ತದೆ. ಮರುದಿನದಿಂದ ಅವಳು ಕೈ ಎತ್ತುವುದನ್ನೇ ಬಿಡುತ್ತಾಳೆ. ಉತ್ತರ ಗೊತ್ತಿದ್ದೂ ಮಾತಾಡದ ಮಕ್ಕಳು ಕ್ರಮೇಣ ಪ್ರಶ್ನೆ ಕೇಳುವುದನ್ನೂ ನಿಲ್ಲಿಸುತ್ತಾರೆ. ಪ್ರಶ್ನೆ ನಿಂತಲ್ಲಿ ವಿಜ್ಞಾನವೂ ನಿಂತಂತೆಯೇ. ಒಂದು ಹೆಚ್ಚುವರಿ 'ಟು' ಮಾಡಬಹುದಾದ ನಿಜವಾದ ನಷ್ಟ ಇದು.

"ಹೆಲ್ಪ್ಸ್ ಟು ಅಸ್" ಎಂದರೂ ಕೇಳುವವರಿಗೆ ಅರ್ಥವಾಗುತ್ತದೆ. ಆದುದರಿಂದ ನಗುವುದಕ್ಕೆ ಯಾರಿಗೂ ಹಕ್ಕಿಲ್ಲ. ಆದರೆ ತಿದ್ದಿಕೊಳ್ಳುವುದು ಐದು ನಿಮಿಷದ ಕೆಲಸವಾಗಿರುವಾಗ ತಿದ್ದಿಕೊಳ್ಳದೆ ಬಿಡುವುದೂ ಸರಿಯಲ್ಲ. ನಾಳೆ ವಿದ್ಯಾರ್ಥಿವೇತನದ ಅರ್ಜಿ ಬರೆಯುವಾಗ, ಸಂದರ್ಶನದಲ್ಲಿ ಕುಳಿತಾಗ ಈ ಐದು ನಿಮಿಷ ಉಪಯೋಗಕ್ಕೆ ಬರುತ್ತದೆ.

ಇದೇ ಬಳಗದ ಇತರರು

'ಗೆ' ಮಾಡುವ ಚೇಷ್ಟೆ 'ಹೆಲ್ಪ್' ಒಂದಕ್ಕೇ ಸೀಮಿತವಲ್ಲ. ಕನ್ನಡದಲ್ಲಿ ಅವನಿಗೆ ಹೇಳು, ನಮಗೆ ಕಲಿಸು, ಪ್ರಶ್ನೆಗೆ ಉತ್ತರಿಸು, ಅವರಿಗೆ ಧನ್ಯವಾದ ಹೇಳು, ಮಾವನಿಗೆ ಫೋನ್ ಮಾಡು. ಇಂಗ್ಲಿಷಿನಲ್ಲಿ ಇವು "ಟೆಲ್ ಹಿಮ್", "ಟೀಚ್ ಅಸ್", "ಆನ್ಸರ್ ದ ಕ್ವೆಶ್ಚನ್", "ಥ್ಯಾಂಕ್ ದೆಮ್", "ಫೋನ್ ಅಂಕಲ್". ಯಾವುದಕ್ಕೂ 'ಟು' ಇಲ್ಲ.

ಹಾಗೆಂದು ಕಂಡಕಂಡಲ್ಲೆಲ್ಲ 'ಟು' ಹೊಡೆದುಹಾಕುವುದೂ ಅಪಾಯ. 'ಎಕ್ಸ್‌ಪ್ಲೇನ್' ಎಂಬುದಕ್ಕೆ 'ಟು' ಬೇಕೇ ಬೇಕು: "ಎಕ್ಸ್‌ಪ್ಲೇನ್ ಇಟ್ ಟು ಮಿ" ಎನ್ನಬೇಕೇ ಹೊರತು "ಎಕ್ಸ್‌ಪ್ಲೇನ್ ಮಿ" ಎನ್ನಬಾರದು. 'ಲಿಸನ್' ಕೂಡ ಹಾಗೆಯೇ. "ಪಾಠವನ್ನು ಕೇಳು" ಎಂಬಲ್ಲಿ ಕನ್ನಡದಲ್ಲಿ 'ಗೆ' ಇಲ್ಲ, ಆದರೂ ಇಂಗ್ಲಿಷಿನಲ್ಲಿ "ಲಿಸನ್ ಟು ದ ಲೆಸನ್". ಅಂದಮೇಲೆ ಕನ್ನಡದ ಪ್ರತ್ಯಯವನ್ನು ನಂಬಿ ಇಂಗ್ಲಿಷ್ ಬರೆಯುವಂತಿಲ್ಲ. ಪ್ರತಿ ಕ್ರಿಯಾಪದವನ್ನೂ ಅದರ ಜೊತೆಗಾರನ ಸಮೇತ ನೆನಪಿಡಬೇಕು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎರಡು ಕಾಲಂ ಹಾಕಿ, ಒಂದರಲ್ಲಿ 'ಟು' ಬೇಕಾದವು, ಇನ್ನೊಂದರಲ್ಲಿ ಬೇಡವಾದವು ಎಂದು ಬರೆಯುತ್ತಾ ಹೋದರೆ ವರ್ಷಾಂತ್ಯಕ್ಕೆ ಒಳ್ಳೆಯ ಪಟ್ಟಿಯೇ ಸಿದ್ಧವಾಗುತ್ತದೆ.

ಇಂಗ್ಲಿಷ್ ಬಾರದ ಅಮ್ಮನೂ ಕಲಿಸಬಹುದು

"ನಮಗೇ ಇಂಗ್ಲಿಷ್ ಬರೋದಿಲ್ಲ, ಮಕ್ಕಳಿಗೆ ಏನು ಹೇಳಿಕೊಡೋಣ?" ಎಂದು ಹಿಂಜರಿಯುವ ತಂದೆತಾಯಿಯರು ಅನೇಕರು. ಈ ಪಾಠಕ್ಕೆ ಇಂಗ್ಲಿಷ್ ಬೇಕಾಗಿಯೇ ಇಲ್ಲ. ಮಗು 'ಹೆಲ್ಪ್' ಇರುವ ವಾಕ್ಯವನ್ನು ಗಟ್ಟಿಯಾಗಿ ಓದಲಿ. ರೊಟ್ಟಿ ತಟ್ಟುತ್ತಲೇ ಅಮ್ಮ ಕನ್ನಡದಲ್ಲಿ ಮೂರು ಪ್ರಶ್ನೆ ಕೇಳಲಿ.

"ಯಾರಿಗೆ ಸಹಾಯ, ಮಗಾ?" ಎಂಬುದು ಮೊದಲನೆಯದು. ಅದಕ್ಕೆ ಉತ್ತರವಾಗಿ ಬರುವ ಪದ 'ಹೆಲ್ಪ್' ಆದ ಕೂಡಲೇ, ನಡುವೆ ಯಾರನ್ನೂ ಸೇರಿಸಿಕೊಳ್ಳದೆ ನಿಂತಿರಬೇಕು. "ಏನು ಮಾಡೋದಕ್ಕೆ ಸಹಾಯ?" ಎಂಬುದು ಎರಡನೆಯದು. ಆ ಕ್ರಿಯೆಯ ಮುಂದೆ 'ಟು' ಇದ್ದರೂ ಸರಿ, ಇಲ್ಲದಿದ್ದರೂ ಸರಿ. "ಯಾವುದರಲ್ಲಿ ಸಹಾಯ?" ಎಂಬುದು ಮೂರನೆಯದು. ಪಾಠವೋ ಲೆಕ್ಕವೋ ಚೀಲವೋ ಆಗಿದ್ದರೆ ಅದರ ಮುಂದೆ 'ವಿತ್' ಕೇಳಿಸಬೇಕು. 'ಟು' ಮತ್ತು 'ವಿತ್' ಎಂಬ ಎರಡು ಸದ್ದುಗಳನ್ನು ಗುರುತಿಸಲು ಯಾವ ಪದವಿಯೂ ಬೇಡ, ಕಿವಿ ಇದ್ದರೆ ಸಾಕು.

ಹೀಗೆ ಒಂದು ವಾರ, ದಿನಕ್ಕೆ ಐದು ವಾಕ್ಯಗಳಂತೆ ಅಭ್ಯಾಸ ನಡೆದರೆ ಮಗುವಿನ ನಾಲಿಗೆಯಿಂದ ಹೆಚ್ಚುವರಿ 'ಟು' ತಾನಾಗಿ ಉದುರುತ್ತದೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಕನ್ನಡ ಬಂದದ್ದಕ್ಕೇ ಇಂಗ್ಲಿಷ್ ಬರಲಿಲ್ಲ ಎಂಬ ಅಳುಕು ಹೋಗಿ, ಕನ್ನಡ ಚೆನ್ನಾಗಿ ತಿಳಿದರೆ ಇಂಗ್ಲಿಷಿನ ತಪ್ಪನ್ನು ತಾನೇ ಹಿಡಿಯಬಹುದು ಎಂಬ ಧೈರ್ಯ ಆ ಜಾಗಕ್ಕೆ ಬರುತ್ತದೆ. ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿಸಿದ ಕನ್ನಡ ಪಂಡಿತರ ಶ್ರಮ ಇಂಗ್ಲಿಷ್ ಪರೀಕ್ಷೆಯ ದಿನ ಹೀಗೆ ಫಲ ಕೊಡುತ್ತದೆ.

ಇನ್ನು ಹಿಂದಿನ ಬೆಂಚಿನವರಿಗೂ ಒಂದು ಮಾತು. ತಡವರಿಸುತ್ತಿರುವ ಸಹಪಾಠಿಯನ್ನು ನೋಡಿ ನಗುವುದು ಕನ್ನಡದ ಅರ್ಥದಲ್ಲಿ ಕೈಕೊಟ್ಟಂತೆ. ಪಾಠ ಮುಗಿದ ಮೇಲೆ ಪಕ್ಕದಲ್ಲಿ ಕುಳಿತು, "ಇಲ್ಲಿ 'ಟು' ಬೇಡ ಕಣೇ, 'ಹೆಲ್ಪ್ಸ್ ಅಸ್' ಅಂದರೆ ಸಾಕು" ಎಂದು ಮೆಲ್ಲಗೆ ಹೇಳುವುದು ಇಂಗ್ಲಿಷಿನ ಅರ್ಥದಲ್ಲಿ ಕೈ ಕೊಟ್ಟಂತೆ. ಎರಡು ಭಾಷೆ ಕಲಿತವರು ಯಾವ ಕೈ ಕೊಡಬೇಕೆಂಬುದನ್ನೂ ಕಲಿತಿರಬೇಕು.